ಗೆರೆಯ ಮೇಲಿನ ಬೆಂಚು

ಡಬ್ಬಿಯ ಮುಚ್ಚಳ ಬರುತ್ತಿರಲಿಲ್ಲ. ಕೌಂಟರಮ್ಮ ಅದನ್ನು ಹೊಟ್ಟೆಗೆ ಒತ್ತಿ ಹಿಡಿದು ತಿರುಗಿಸಿ ನೋಡಿದಳು, ಒದ್ದೆ ಬಟ್ಟೆ ಸುತ್ತಿ ತಿರುಗಿಸಿ ನೋಡಿದಳು, ಕೊನೆಗೆ ಚಮಚದ ಹಿಡಿಯಿಂದ ಅಂಚನ್ನು ಮೀಟತೊಡಗಿದಳು. ಅಡುಗೆಮನೆಯ ಆಚೆ, ನಡುಮನೆಯ ಮಂಚದ ಮೇಲೆ, ಗಂಡನ ಹೆಣವಿತ್ತು. ಸುತ್ತ ಕೂತವರು ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ ಎಂದು ಪಿಸುಮಾತಿನಲ್ಲೇ ಜಗಳವಾಡುತ್ತಿದ್ದರು.

ನಾದಿನಿ ಬಂದು ಬಾಗಿಲಲ್ಲೇ ನಿಂತಳು.

"ಅತ್ತಿಗೆ, ಇಲ್ಲೇನ್ ಮಾಡ್ತಿದೀರಾ?"

"ಡಬ್ಬಿ ತೊಳೀತಿದೀನಿ."

"ಈಗ್ಲಾ? ಗಾಡಿ ಬರೋ ಹೊತ್ತಾಯ್ತು. ಡಬ್ಬಿ ಎಲ್ಲಿಗೂ ಓಡ್ಹೋಗಲ್ಲ, ಇಡಿ ಅಲ್ಲಿ."

"ಇದೊಂದು ತೊಳೆದು ಬಂದೆ."

ನಾದಿನಿ ಅತ್ತಿಗೆಯ ಮುಖ ನೋಡಿ ಹಿಂದಿರುಗಿದಳು. ದುಃಖದಲ್ಲಿ ಒಬ್ಬೊಬ್ಬರು ಒಂದೊಂದು ಥರ ಆಡುತ್ತಾರೆ ಎಂದುಕೊಂಡಿರಬೇಕು. ದುಃಖವಾಗಿದ್ದರೆ ಎಷ್ಟೋ ವಾಸಿಯಿತ್ತು. ಕೌಂಟರಮ್ಮನಿಗೆ ಇದ್ದದ್ದು ಹೆದರಿಕೆ. ಆ ಡಬ್ಬಿ ಮೊನ್ನೆ ಸಂಜೆ ಸ್ಟೇಷನ್ನಿನಿಂದ ಗಂಡನ ಚೀಲದ ಜೊತೆ ವಾಪಸು ಬಂದಿತ್ತು. ಕಟ್ಟಿಕೊಟ್ಟ ಊಟ ಕಟ್ಟಿದ ಹಾಗೇ ಇತ್ತು. ಅದು ಮಗಳ ಕಣ್ಣಿಗೆ ಬಿದ್ದು, ಅಪ್ಪ ಮಧ್ಯಾಹ್ನ ಊಟಕ್ಕೆ ಮನೆಗೇ ಬರ್ತಿದ್ರಲ್ಲ, ಡಬ್ಬಿ ಯಾಕೆ ಎಂದು ಅವಳು ಕೇಳಿಬಿಟ್ಟರೆ? ಕೌಂಟರಮ್ಮನ ಹತ್ತಿರ ಉತ್ತರವಿತ್ತು. ತೊಂದರೆಯೇ ಅದು.

ಮುಚ್ಚಳ ಟಪ್ಪೆಂದು ಎದ್ದಿತು. ಹುಳಿತ ವಾಸನೆ ಮೂಗಿಗೆ ಬಡಿಯಿತು. ಎಲ್ಲವನ್ನೂ ಕಸದ ಬುಟ್ಟಿಗೆ ಬಳಿದು, ಡಬ್ಬಿ ತಿಕ್ಕಿ ತೊಳೆದು, ಬೇರೆ ಪಾತ್ರೆಗಳ ಅಡಿಯಲ್ಲಿ ಕವುಚಿಟ್ಟು, ಕೈ ಒರೆಸಿಕೊಂಡು ಆಕೆ ನಡುಮನೆಗೆ ಬಂದಳು.

ನಡುಮನೆಯಲ್ಲಿ ಎರಡು ಗುಂಪು ಕೂತಿತ್ತು: ಮೇಲಿನವರು, ಕೆಳಗಿನವರು. ಮೇಲಿನವರೆಂದರೆ ಊರಿನ ದೊಡ್ಡ ರೈಲು ನಿಲ್ದಾಣದವರು. ಕೆಳಗಿನವರೆಂದರೆ ಅದರ ಹೊಟ್ಟೆಯೊಳಗೆ, ನೆಲದಡಿಯಲ್ಲಿರುವ ಮೆಟ್ರೊ ಸ್ಟೇಷನ್ನಿನವರು. ಸತ್ತವನು ಮೇಲಿನ ಪಾರ್ಸೆಲ್ ಆಫೀಸಿನಲ್ಲಿ ಜನ್ಮವೆಲ್ಲ ಗಂಟುಮೂಟೆ ತೂಗಿದವನು. ಎಲ್ಲರ ಬಾಯಲ್ಲೂ ತೂಕದಣ್ಣ. ಹೆಂಡತಿ ಕೆಳಗೆ ಟಿಕೆಟ್ ಕೌಂಟರಿನಲ್ಲಿದ್ದಳು. ಟಿಕೆಟ್ ಕೊಡಲು ಯಂತ್ರ ಬಂದಮೇಲೆ ಕೌಂಟರ್ ಹೋಯಿತು, ಆಕೆಯನ್ನು ಗೇಟಿನ ಪಕ್ಕ ನಿಲ್ಲಿಸಿದರು, ಕೌಂಟರಮ್ಮ ಎಂಬ ಹೆಸರು ಮಾತ್ರ ಹೋಗಲಿಲ್ಲ.

ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಉದ್ದನೆಯ ಒಂದು ದಾರಿಯಿದೆ. ಅದರ ಮಧ್ಯದಲ್ಲಿ ನೆಲಕ್ಕೆ ಅಡ್ಡಲಾಗಿ ಒಂದು ಹಿತ್ತಾಳೆ ಪಟ್ಟಿ ಕೂರಿಸಿದ್ದಾರೆ. ಪಟ್ಟಿಯ ಆ ಕಡೆ ಕಲ್ಲು ಹಾಸು, ಅದು ಮೇಲಿನವರದು. ಈ ಕಡೆ ಹಳದಿ ಟೈಲು, ಅದು ಕೆಳಗಿನವರದು. ಗುಡಿಸುವವರು ಇಬ್ಬರೂ ಅವರವರ ಕಡೆಯಿಂದ ಗುಡಿಸಿಕೊಂಡು ಬಂದು ಪಟ್ಟಿಯ ಹತ್ತಿರ ನಿಲ್ಲುತ್ತಾರೆ. ಪಟ್ಟಿಯ ಮೇಲಿನ ಧೂಳು ಯಾರದ್ದೂ ಅಲ್ಲ. ಗೋಡೆಯ ಪಕ್ಕ, ಸರಿಯಾಗಿ ಆ ಗೆರೆಯ ಮೇಲೆ, ಅರ್ಧ ಆಚೆಗೆ ಅರ್ಧ ಈಚೆಗೆ ಒಂದು ಮರದ ಬೆಂಚಿದೆ. ಹಾಕಿದ್ದು ಯಾರು ಎಂದು ಕೇಳಿದರೆ ಇವರು ಅವರನ್ನು ತೋರಿಸುತ್ತಾರೆ, ಅವರು ಇವರನ್ನು. ತೂಕದಣ್ಣ ರಿಟೈರಾದ ಮೇಲೆ ದಿನವೂ ಬಂದು ಕೂರುತ್ತಿದ್ದದ್ದು ಆ ಬೆಂಚಿನ ಮೇಲೆ. ಮೊನ್ನೆ ಜೀವ ಹೋದದ್ದೂ ಅಲ್ಲೇ.

"ಬಿಟ್ಟಿರೋಕೇ ಆಗ್ತಿರ್ಲಿಲ್ಲ ಅವನಿಗೆ," ಎಂದ ಪಾರ್ಸೆಲ್ ಆಫೀಸಿನ ಹಳೆಯ ಜೊತೆಗಾರ. "ನಾವೆಲ್ಲ ರಿಟೈರಾದ ದಿನ ಆ ಕಡೆ ತಿರುಗಿ ನೋಡದೆ ಬಂದ್ವಿ. ಇವನು ನೋಡಿ, ದಿನಾ ಹಾಜರ್. ಇಷ್ಟಪಟ್ಟ ಜಾಗದಲ್ಲೇ ಹೋದ. ಪುಣ್ಯವಂತ."

ಎಲ್ಲರೂ ಗೋಣು ಹಾಕಿದರು. ಕೌಂಟರಮ್ಮ ಮಂಚದ ಕಾಲು ನೋಡುತ್ತ ಕೂತಳು.

"ಆದ್ರೆ ಒಂದು," ಜೊತೆಗಾರ ಮುಂದುವರಿಸಿದ, "ತೂಗೋನೇ ಹೊರತು ಅಂದಾಜು ಮಾತ್ರ ಒಂದೂ ಸರಿಯಿರ್ತಿರ್ಲಿಲ್ಲ. ನನ್ನ ಮದುವೇಲಿ ನನ್ನ ಹೆಂಡ್ತಿನ ನೋಡಿ ನಲವತ್ತೈದು ಕಿಲೋ ಅಂದಿದ್ದ. ಅವಳು ಇವತ್ತಿಗೂ ಅವನಷ್ಟು ಒಳ್ಳೇ ಮನುಷ್ಯ ಇಲ್ಲ ಅಂತಾಳೆ."

ಒಂದಿಬ್ಬರು ನಕ್ಕರು, ನಕ್ಕಮೇಲೆ ಕೆಮ್ಮಿದರು. ಮಗಳು ನಗಲಿಲ್ಲ. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳು ನಿನ್ನೆ ರೈಲಿಳಿದು, ಆ ದಾರಿಯಲ್ಲೇ, ಆ ಬೆಂಚಿನ ಮುಂದೆಯೇ ನಡೆದು ಬಂದಿದ್ದಳು. ಅಪ್ಪನ ಕಾಲ ಹತ್ತಿರ ಕೂತಿದ್ದವಳು ತಲೆಯೆತ್ತಿ ಕೆಳಗಿನ ಸ್ಟೇಷನ್ನಿನ ಅಧಿಕಾರಿಯನ್ನು ಕೇಳಿದಳು.

"ಅಪ್ಪನ್ನ ಮೊದಲು ನೋಡಿದ್ದು ಯಾವಾಗ?"

"ಸಂಜೆ ಮೇಡಂ. ಪಾಳಿ ಬದಲಾಗೋ ಹೊತ್ತಿಗೆ."

"ಡಾಕ್ಟರು ಹಾರ್ಟ್ ಅಟ್ಯಾಕ್, ಬೆಳಗ್ಗೆನೇ ಜೀವ ಹೋಗಿರಬೇಕು ಅಂದ್ರು. ಅಂದ್ರೆ ಇಡೀ ಹಗಲು ಅಪ್ಪ ಹಾಗೇ ಕೂತಿದ್ರಾ? ಅಷ್ಟು ಜನ ಓಡಾಡೋ ಜಾಗದಲ್ಲಿ?"

ಅಧಿಕಾರಿ ಕತ್ತಿನ ಪಟ್ಟಿ ಸಡಿಲ ಮಾಡಿಕೊಂಡ. ಉತ್ತರ ಬಂದದ್ದು ಬಾಗಿಲ ಹೊರಗಿನಿಂದ. ಚಪ್ಪಲಿಗಳ ನಡುವೆ ನಿಂತಿದ್ದ ಸೆಕ್ಯುರಿಟಿ ಗಾರ್ಡ್, ಐವತ್ತರ ಆಸುಪಾಸಿನವನು, ಟೋಪಿ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲ ಹತ್ತಿರ ಬಂದ.

"ನಾನಿದ್ದೆ ತಾಯಿ ಡ್ಯೂಟೀಲಿ."

ಎಲ್ಲರೂ ಅವನ ಕಡೆ ತಿರುಗಿದರು.

"ಬೆಂಚ್ ಮೇಲೆ ಯಾರಾದ್ರೂ ಕಣ್ಮುಚ್ಚಿದ್ರೆ ಕೋಲು ಕುಟ್ಟಿ ಎಬ್ಬಿಸ್ಬೇಕು. ಅದೇ ನನ್ನ ಕೆಲಸ. ಬೇರೆ ಯಾರಾಗಿದ್ರೂ ಎಬ್ಬಿಸ್ತಿದ್ದೆ. ತೂಕದಣ್ಣ ಅಲ್ವಾ, ಮಲಗ್ಲಿ ಪಾಪ ಅಂತ ಬಿಟ್ಟೆ. ಮಧ್ಯಾಹ್ನ ಕಾಲೇಜ್ ಮಕ್ಕಳು ಅಲ್ಲೇ ನಿಂತು ಗಲಾಟೆ ಮಾಡ್ತಿದ್ರು. ಅವರನ್ನೂ ಗದರಿಸಿ ಕಳಿಸಿದೆ. ನಿದ್ದೆ ಕೆಡಬಾರ್ದು ಅಂತ."

ಮಗಳು ಎದ್ದು ನಿಂತಳು. ಸಿಟ್ಟು ಬಂದಾಗ ಅವಳ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು.

"ನೀವು ಒಂದ್ಸಲ ಮುಟ್ಟಿದ್ರೆ ಸಾಕಿತ್ತು. ಒಂದೇ ಒಂದ್ಸಲ. ಸಮಯಕ್ಕೆ ಯಾರಾದ್ರೂ ನೋಡಿದ್ರೆ ಅಂಥವರನ್ನ ನಾವು ಉಳಿಸಿಕೊಂಡಿದೀವಿ, ಗೊತ್ತಾ ನಿಮಗೆ?"

"ಹೌದು ತಾಯಿ."

"ಏನ್ ಹೌದು?"

ಅವನು ಟೋಪಿಯನ್ನು ಹಿಂಡಿದ. ಅಧಿಕಾರಿ ಮಾತ್ರ ಚುರುಕಾದ. ಇಷ್ಟು ಹೊತ್ತು ತಪ್ಪು ಯಾರದೆಂದು ಗಾಳಿಯಲ್ಲಿ ತೇಲುತ್ತಿದ್ದದ್ದು ಈಗ ಒಂದು ಕತ್ತು ಹುಡುಕಿಕೊಂಡು ಇಳಿದಿತ್ತು. ಅದೂ ಕಂತ್ರಾಟಿನವನ ಕತ್ತು.

"ಮೇಡಂ, ಮನೆಯವರ ಕಡೆಯಿಂದ ಒಂದು ದೂರು ಬಂದ್ರೆ ಸಾಕು. ನಾಳೆಯಿಂದ ಇವನು ಆ ಕಡೆ ಸುಳಿಯಲ್ಲ. ನೀವು ಬಾಯಿಮಾತಲ್ಲಿ ಹೇಳಿದ್ರೂ ಆಯ್ತು."

"ಕೊಡ್ತೀನಿ," ಎಂದಳು ಮಗಳು. "ಇದೆಲ್ಲ ಮುಗೀಲಿ."

ಆ ಕ್ಷಣ ಕೌಂಟರಮ್ಮನ ಎದೆ ಹಗುರಾಯಿತು. ನಿಜ ಹೇಳಬೇಕೆಂದರೆ ಹಾಗೇ ಆಯಿತು. ಯಾರೂ ಆಕೆಯ ಕಡೆ ನೋಡುತ್ತಿರಲಿಲ್ಲ, ಎಲ್ಲರೂ ಗಾರ್ಡಿನ ಕಡೆ ನೋಡುತ್ತಿದ್ದರು. ಮರುಗಳಿಗೆಯೇ ಆ ಹಗುರ ನೆನೆದು ಆಕೆ ಗಾರ್ಡಿನ ಕಡೆಯಿಂದ ಮುಖ ತಿರುಗಿಸಿದಳು. ಅಷ್ಟರಲ್ಲಿ ಗಾಡಿ ಬಂತು.

* * *

ಮಗಳು ಹುಟ್ಟುವ ಮೊದಲು ಇಬ್ಬರಿಗೂ ಒಂದೇ ಪಾಳಿ ಸಿಗಲೆಂದು ಬೇಡಿಕೊಂಡು ಸಾಕಾಗಿತ್ತು. ಹುಟ್ಟಿದ ಮೇಲೆ ಬೇರೆ ಬೇರೆ ಪಾಳಿಯೇ ಇರಲೆಂದು ಬೇಡಿಕೊಳ್ಳಬೇಕಾಯಿತು. ಮಗು ನೋಡಿಕೊಳ್ಳಲು ಮೂರನೆಯವರಿರಲಿಲ್ಲ. ಒಬ್ಬರ ಕೆಲಸ ಮುಗಿಯುವ ಹೊತ್ತಿಗೆ ಇನ್ನೊಬ್ಬರದು ಶುರುವಾಗುತ್ತಿತ್ತು, ನಡುವೆ ಮಗು ಕೈ ಬದಲಾಗಬೇಕು. ಡ್ಯೂಟಿ ಬಟ್ಟೆಯಲ್ಲಿ ಗೆರೆ ದಾಟಿದರೆ ಎರಡೂ ಕಡೆಯ ಸಾಹೇಬರಿಗೆ ಕಣ್ಣು ಕೆಂಪಾಗುತ್ತಿತ್ತು. ಹಾಗಾಗಿ ಆತ ಹಿತ್ತಾಳೆ ಪಟ್ಟಿಯ ಆ ಕಡೆ ಬಂದು ನಿಲ್ಲುತ್ತಿದ್ದ, ಆಕೆ ಈ ಕಡೆ. ಮಗು ಗೆರೆಯ ಮೇಲಿಂದ ಹಾದುಹೋಗುತ್ತಿತ್ತು. ಅದರ ಹಿಂದೆಯೇ ಮನೆಯ ಬೀಗದ ಕೈ.

"ಹಾಲು ಕುಡಿದಿದಾಳೆ. ಮೂಗು ಸೋರ್ತಿದೆ. ಒಣಗಿದ ಬಟ್ಟೆ ಒಳಗೆ ತಗೊಳ್ಳಿ," ಎನ್ನುತ್ತಿದ್ದಳು ಆಕೆ, ಒಂದೇ ಉಸಿರಿಗೆ.

ಮರುವಾರ ಪಾಳಿ ತಿರುಗಿದಾಗ ಕೊಡುವ ಸರದಿ ಆತನದು. ಮಗುವನ್ನು ಎತ್ತಿ ಕೈಯಲ್ಲಿ ಸ್ವಲ್ಪ ಕುಲುಕಿ, ಗಂಭೀರವಾಗಿ, "ಹದಿನಾರು ಕಿಲೋ," ಎನ್ನುತ್ತಿದ್ದ. ಮಗು ಆಗ ಹತ್ತೂ ಇರಲಿಲ್ಲ. ಆಮೇಲೆ ಪಾರ್ಸೆಲ್ ಬಿಡಿಸಿಕೊಳ್ಳಲು ಬಂದವರಿಗೆ ಹೇಳುವ ಧಾಟಿಯಲ್ಲೇ, "ಸರಿಯಾಗಿ ನೋಡಿ ತಗೊಳ್ಳಿ ಮೇಡಂ. ಆಮೇಲೆ ದೂರು ಹೇಳಂಗಿಲ್ಲ," ಎಂದು ಎರಡೂ ಕೈ ಮುಂದೆ ಚಾಚುತ್ತಿದ್ದ. ಆಕೆ ಮಗುವಿನ ಕಿವಿ, ಮೂಗು, ಕಾಲ್ಬೆರಳು ಎಲ್ಲ ಇದೆಯೇ ಎಂದು ನೋಡುವವಳಂತೆ ನೋಡಿ ತೆಗೆದುಕೊಳ್ಳುತ್ತಿದ್ದಳು. ಮಗಳು ನಡೆಯುವಂತಾದ ಮೇಲೆ ಪಟ್ಟಿಗೆ ಸರಿಯಾಗಿ ಪುಟ್ಟ ಶೂಗಳ ತುದಿ ತಾಗಿಸಿ ನಿಂತು, "ನನ್ನ ನೋಡಿ ತಗೋ," ಎನ್ನುತ್ತಿದ್ದಳು. ಹಾಗೆನ್ನದೆ ಯಾರು ಕರೆದರೂ ಗೆರೆ ದಾಟುತ್ತಿರಲಿಲ್ಲ.

ಗಂಡನ ಮುಖವನ್ನು ಕೌಂಟರಮ್ಮ ಹೆಚ್ಚು ನೋಡಿದ್ದು ಆ ದಾರಿಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ. ಅವರ ಸಂಸಾರದ ಅರ್ಧ ಅಲ್ಲೇ ನಡೆಯಿತು ಎಂದರೆ ತಪ್ಪಿಲ್ಲ. ಜಗಳ ಕೂಡ ಕಂತಿನಲ್ಲಿ: ಇವತ್ತು ಅರ್ಧ, ನಾಳೆ ಉಳಿದದ್ದು. ನಾಳೆಯ ಹೊತ್ತಿಗೆ ಇವತ್ತಿನದು ಏನಿತ್ತೆಂದು ಇಬ್ಬರಿಗೂ ಮರೆತಿರುತ್ತಿತ್ತು. ಅಷ್ಟು ಕಡಿಮೆ ಸಿಗುತ್ತಿದ್ದ ಗಂಡನನ್ನು ಆಕೆ ತುಂಬ ಇಷ್ಟಪಡುತ್ತಿದ್ದಳು.

* * *

ಚಿತಾಗಾರದ ಹೊರಕೋಣೆಯಲ್ಲಿ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಟೀ ಯಂತ್ರ. ಒಳಗೆ ಬಾಗಿಲು ಮುಚ್ಚಿಯಾಗಿತ್ತು. ಬೂದಿ ಕೊಡಲು ಇನ್ನೂ ಹೊತ್ತಿದೆ, ಕಾಯಿರಿ ಎಂದಿದ್ದರು. ಬಂದವರಲ್ಲಿ ಬಹಳ ಮಂದಿ ಒಬ್ಬೊಬ್ಬರಾಗಿ ಜಾರಿಕೊಂಡರು. ಉಳಿದವರು ಮಗಳು, ನಾದಿನಿ, ಪಾರ್ಸೆಲ್ ಆಫೀಸಿನ ಜೊತೆಗಾರ, ದೂರಿನ ಮಾತಿಗೆ ಕಾದಿದ್ದ ಅಧಿಕಾರಿ. ಗಾರ್ಡ್ ಒಳಗೆ ಬಂದಿರಲಿಲ್ಲ. ಕಿಟಕಿಯಾಚೆ, ನೆರಳಿದ್ದರೂ ಬಿಸಿಲಲ್ಲೇ ನಿಂತಿದ್ದ.

"ಅಮ್ಮ, ಟೀ ಕುಡಿ," ಎಂದಳು ಮಗಳು. "ಬೆಳಗ್ಗಿಂದ ಏನೂ ತಗೊಂಡಿಲ್ಲ ನೀನು."

"ಬೇಡ."

"ಹಾಗಂದ್ರೆ ಹೇಗೆ? ನಿನ್ನನ್ನೂ ಮಲಗಿಸ್ಕೊಂಡು ನಾನೇನ್ ಮಾಡ್ಲಿ?" ಅವಳು ಅಮ್ಮನ ಕೈ ಹಿಡಿದು ತನ್ನ ತೊಡೆಯ ಮೇಲಿಟ್ಟುಕೊಂಡಳು. "ಅಪ್ಪಂಗೆ ಅಲ್ಲಿ ಹೋಗೋದೊಂದೇ ಖುಷಿ ಇತ್ತು. ಅದೂ ಹೀಗಾಯ್ತಲ್ಲ."

ಕೌಂಟರಮ್ಮ ಕೈ ಎಳೆದುಕೊಳ್ಳಲಿಲ್ಲ. ಆ ಕೈ ಅಲ್ಲಿರಬಾರದು ಅನ್ನಿಸಿತು, ಆದರೂ ಎಳೆದುಕೊಳ್ಳಲಿಲ್ಲ.

* * *

ಹಗಲು ಹೊತ್ತು ಒಟ್ಟಿಗೆ ಮನೆಯಲ್ಲಿರುವುದು ಇಬ್ಬರೂ ರಿಟೈರಾಗುವ ತನಕ ಅವರಿಗೆ ಗೊತ್ತೇ ಇರಲಿಲ್ಲ. ಎರಡು ಕೋಣೆಯ ಮನೆ. ತೂಕದಣ್ಣನಿಗೆ ತೂಗಲು ಏನೂ ಉಳಿದಿರಲಿಲ್ಲ, ಹಾಗಾಗಿ ಮನೆಗೆ ಕೈಯಿಟ್ಟ. ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ, ಭಾರದ್ದು ಕೆಳಗೆ, ಹಗುರದ್ದು ಮೇಲೆ ಜೋಡಿಸಿದ. ಸಕ್ಕರೆ ಬೇಕೆಂದರೆ ಆಕೆ ಮಂಡಿಯೂರಬೇಕಾಯಿತು. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು, "ಇದೇನಿದು?" ಎನ್ನುವನು. ಆಕೆ ಸುಮ್ಮನೆ ಕೂತರೆ ಎದುರು ಬಂದು ಕೂರುವನು.

"ಏನ್ ಯೋಚ್ನೆ ಮಾಡ್ತಿದೀಯಾ?"

"ಏನೂ ಇಲ್ಲ."

"ಏನೋ ಇದೆ."

"ಏನೂ ಇಲ್ಲ ಅಂದ್ನಲ್ಲ."

"ಮತ್ತೆ ಯಾಕ್ ಹಾಗೆ ಕೂತಿದೀಯಾ?"

ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆತನ ಪಾಳಿಯ ದಿನಗಳಲ್ಲಿ, ಮಗಳು ಶಾಲೆಗೆ ಹೋದಮೇಲೆ, ಆಕೆ ರೇಡಿಯೊ ಹಚ್ಚಿ, ಎದುರಿನ ಕುರ್ಚಿಯ ಮೇಲೆ ಕಾಲು ಚಾಚಿಕೊಂಡು ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದ ಹೊತ್ತೊಂದಿತ್ತು. ಜೀವನದಲ್ಲಿ ತನ್ನದು ಅಂತ ಕೌಂಟರಮ್ಮನಿಗೆ ಇದ್ದದ್ದು ಅಷ್ಟೇ. ಈಗ ಆ ಕುರ್ಚಿಯ ಮೇಲೆ ಗಂಡ ಕೂತಿರುತ್ತಿದ್ದ.

"ಸುಮ್ನೆ ಸ್ಟೇಷನ್ ಕಡೆ ಹೋಗಿ ಬನ್ನಿ," ಎಂದಳು ಒಂದು ದಿನ. "ಹಳಬರು ಯಾರಾದ್ರೂ ಸಿಕ್ತಾರೆ."

ಹೋಗಿ ಬಂದ. ಮರುದಿನವೂ ಆಕೆಯೇ ನೆನಪಿಸಿದಳು. ಆಮೇಲೆ ನೆನಪಿಸುವ ಅಗತ್ಯ ಬೀಳಲಿಲ್ಲ, ತಿಂಡಿ ತಿಂದವನೇ ತಾನಾಗಿ ಶೂ ಹಾಕಿಕೊಳ್ಳುತ್ತಿದ್ದ. ಮಧ್ಯಾಹ್ನ ಊಟಕ್ಕೆ ಬಂದರೆ ಮತ್ತೆ ಹೋಗುತ್ತಿರಲಿಲ್ಲ. ಹಾಗಾಗಿ ಡಬ್ಬಿ ಶುರುವಾಯಿತು. "ಬಿಸಿಲಲ್ಲಿ ಯಾಕೆ ಓಡಾಡ್ತೀರಾ, ಅಲ್ಲೇ ಊಟ ಮಾಡ್ಕೊಳ್ಳಿ," ಎಂದು ಮೊದಲ ಸಲ ಕೊಟ್ಟಾಗ ಆತ ಡಬ್ಬಿಯನ್ನು ಅಂಗೈಯಲ್ಲಿಟ್ಟು ಸ್ವಲ್ಪ ಹೊತ್ತು ನೋಡಿದ. "ಮುಕ್ಕಾಲು ಕಿಲೋ," ಎಂದು ಚೀಲಕ್ಕೆ ಹಾಕಿಕೊಂಡ. ಮಗಳು ಫೋನ್ ಮಾಡಿ ಅಪ್ಪ ಎಲ್ಲಿ ಎಂದು ಕೇಳಿದಾಗಲೆಲ್ಲ, "ಸ್ಟೇಷನ್ನಿಗೆ ಹೋಗಿದಾರೆ. ನಿಮ್ಮಪ್ಪಂಗೆ ಅದನ್ನ ಬಿಟ್ಟಿರಕ್ಕಾಗಲ್ಲ," ಎನ್ನುತ್ತಿದ್ದಳು. ಹೇಳಿ ಹೇಳಿ ಆಕೆಗೂ ಅರ್ಧ ನಂಬಿಕೆ ಬಂದಿತ್ತು.

ಮೊನ್ನೆ ಬೆಳಗ್ಗೆ ಆತ ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಮಂಚದ ಅಂಚಿನಲ್ಲಿ ಕೂತೇ ಇದ್ದ.

"ಇವತ್ತೊಂದಿನ ಮನೇಲೇ ಇರ್ಲಾ?"

ಸ್ವಂತ ಮನೆಯಲ್ಲಿ ಇರಲು ಆ ಮನುಷ್ಯ ಅಪ್ಪಣೆ ಕೇಳುತ್ತಿದ್ದಾನೆ ಎಂದು ಆಗ ಆಕೆಗೆ ಹೊಳೆಯಲಿಲ್ಲ. ಕೈಯಲ್ಲಿ ಡಬ್ಬಿಯಿತ್ತು.

"ಯಾಕೆ, ಏನಾಯ್ತು?"

"ಏನಿಲ್ಲ. ಯಾಕೋ ಮನಸ್ಸಿಲ್ಲ."

"ಹೊರಗೆ ಹೋದ್ರೆ ಸರಿಹೋಗುತ್ತೆ. ಡಬ್ಬಿ ಬೇರೆ ಕಟ್ಟಾಯ್ತು."

ಆತ ಎರಡನೆಯ ಕಾಲುಚೀಲ ಹಾಕಿಕೊಂಡ. ಆಕೆ ಚೀಲ ಕೈಗೆ ಕೊಟ್ಟು, ಮಡಿಸಿಕೊಂಡಿದ್ದ ಕಾಲರ್ ಸರಿಮಾಡಿ, ಬೆನ್ನ ಮೇಲೆ ಕೈಯಿಟ್ಟು ಬಾಗಿಲ ತನಕ ನಡೆಸಿದಳು. ನೂಕಲಿಲ್ಲ. ಕೈಯಿಟ್ಟಿದ್ದಳು, ಅಷ್ಟೇ. ಬಾಗಿಲು ಹಾಕಿ ಚಿಲಕ ಎಳೆದಾಗ ಆತ ಇನ್ನೂ ಮೆಟ್ಟಿಲ ಮೇಲೆಯೇ ಇದ್ದ, ಸದ್ದು ಕೇಳಿಸಿರಬೇಕು. ಮಧ್ಯಾಹ್ನ ಆಕೆ ರೇಡಿಯೊ ಹಚ್ಚಿಕೊಂಡು, ಎದುರಿನ ಕುರ್ಚಿಗೆ ಕಾಲು ಚಾಚಿ ನಿದ್ದೆಹೋದಳು. ಅಂಥ ನಿದ್ದೆ ಎಷ್ಟೋ ದಿನದಿಂದ ಬಂದಿರಲಿಲ್ಲ. ಸಂಜೆ ಬಾಗಿಲು ತಟ್ಟಿದ ಸದ್ದಿಗೆ ಎಚ್ಚರವಾದಾಗ, ಇಷ್ಟು ಬೇಗ ಬಂದುಬಿಟ್ಟರಲ್ಲ ಎಂದು ಬೇಸರಪಟ್ಟುಕೊಂಡೇ ಎದ್ದಳು.

* * *

ಅಧಿಕಾರಿ ಫೋನ್ ಜೇಬಿಗೆ ಹಾಕುತ್ತ ಹತ್ತಿರ ಬಂದ.

"ಮೇಡಂ, ನಾನು ಹೊರಡ್ಬೇಕಿತ್ತು. ಅವನ ವಿಷಯ..."

"ಹೇಳ್ತೀನಿ ಬರ್ಕೊಳ್ಳಿ," ಎಂದಳು ಮಗಳು.

"ಬೇಡ," ಎಂದಳು ಕೌಂಟರಮ್ಮ.

"ಅಮ್ಮ, ನೀನು ಸುಮ್ನಿರು. ಪಾಪ ಅಂತ ನೋಡೋ ಹೊತ್ತಲ್ಲ ಇದು."

"ಪಾಪ ಅಂತಲ್ಲ. ಅವರನ್ನ ಅಲ್ಲಿಗೆ ಕಳಿಸಿದ್ದು ನಾನು."

ಮಗಳಿಗೆ ಅರ್ಥವಾಗಲಿಲ್ಲ. "ಅಪ್ಪನೇ ಹೋಗ್ತಿದ್ರಲ್ಲ. ಅಪ್ಪಂಗೆ ಇಷ್ಟ ಇತ್ತು."

"ಇಷ್ಟ ಇತ್ತು ಅಂತ ನಿಂಗೆ ಹೇಳಿದ್ಯಾರು? ನಾನೇ ತಾನೇ, ಫೋನಲ್ಲಿ."

ಜೊತೆಗಾರ ಟೀ ಲೋಟ ಬಾಯಿಯ ಹತ್ತಿರ ಹಿಡಿದವನು ಹಾಗೇ ಇಳಿಸಿದ. ಒಮ್ಮೆ ಬಾಯಿ ಬಿಟ್ಟ ಮೇಲೆ ಕೌಂಟರಮ್ಮನಿಗೆ ನಿಲ್ಲಿಸಲು ಆಗಲಿಲ್ಲ. ಗೇಟಿನ ಹತ್ತಿರ ಪ್ರಯಾಣಿಕರಿಗೆ ದಾರಿ ಹೇಳುವಾಗಿನ ಅದೇ ದನಿಯಲ್ಲಿ, ಒಂದಾದ ಮೇಲೊಂದು ಹೇಳಿದಳು.

"ಮನೇಲಿದ್ರೆ ನಂಗೆ ಕೈಕಾಲು ಆಡ್ತಿರ್ಲಿಲ್ಲ. ಹೋಗಿ ಬನ್ನಿ ಅಂತ ನಾನೇ ಕಳಿಸ್ತಿದ್ದೆ. ಮಧ್ಯಾಹ್ನ ಬರಬಾರ್ದು ಅಂತ ಡಬ್ಬಿ ಕಟ್ತಿದ್ದೆ. ಬೆಳಗ್ಗೆ ತೊಳೆದಿಟ್ಟೆನಲ್ಲ, ಅದೇ ಡಬ್ಬಿ. ಮೊನ್ನೆ ಅವರು ಇವತ್ತೊಂದಿನ ಮನೇಲೇ ಇರ್ಲಾ ಅಂತ ಕೇಳಿದ್ರು. ನಾನು ಚೀಲ ಕೈಗೆ ಕೊಟ್ಟೆ."

"ನಮ್ಮಣ್ಣ ಕೇಳಿದ್ನಾ ಅತ್ತಿಗೆ?" ಎಂದಳು ನಾದಿನಿ. ಬೇರೆ ದಿನವಾಗಿದ್ದರೆ ಅವಳ ಬಾಯಿಗೆ ಹೆದರಬೇಕಿತ್ತು. ಈಗ ಅವಳ ದನಿ ಚಿಕ್ಕ ಮಗುವಿನದಾಗಿತ್ತು.

"ಕೇಳಿದ್ರು."

ಮಗಳು ಅಮ್ಮನ ಕೈಯನ್ನು ತನ್ನ ತೊಡೆಯಿಂದ ಎತ್ತಿ ಆಕೆಯ ತೊಡೆಯ ಮೇಲೆ ಇಟ್ಟಳು. ಆಸ್ಪತ್ರೆಯಲ್ಲಿ ರೋಗಿಯ ಕೈ ಇಡುವಷ್ಟು ಜೋಪಾನವಾಗಿ ಇಟ್ಟಳು.

"ಎದೆ ನೋವು ಅಂದ್ರಾ?"

"ಇಲ್ಲ. ಮನಸ್ಸಿಲ್ಲ ಅಂದ್ರು."

"ಬೆವರ್ತಿದ್ರಾ?"

"ನೋಡ್ಲಿಲ್ಲ."

"ಮುಖ ಹೇಗಿತ್ತು? ಬಿಳಚಿಕೊಂಡಿತ್ತಾ?"

"ನೋಡ್ಲಿಲ್ಲ ಕಣೆ. ಕಾಲರ್ ನೋಡಿದೆ."

ಮಗಳು ಎದ್ದು ಅಧಿಕಾರಿಯನ್ನು ಬಾಗಿಲ ಕಡೆ ಕರೆದುಕೊಂಡು ಹೋದಳು. ದೂರು ಬೇಡ ಎಂದದ್ದು ಕೌಂಟರಮ್ಮನಿಗೂ ಕೇಳಿಸಿತು. ಹಿಂದಿರುಗಿದವಳು ಮೊದಲಿನ ಕುರ್ಚಿಯಲ್ಲಿ ಕೂರಲಿಲ್ಲ. ಒಂದು ಕುರ್ಚಿ ಬಿಟ್ಟು ಕೂತಳು, ನಡುವಿನದರ ಮೇಲೆ ತನ್ನ ಬ್ಯಾಗ್ ಇಟ್ಟಳು.

ಸುದ್ದಿ ಹೊರಗೆ ಮುಟ್ಟಿರಬೇಕು. ಸ್ವಲ್ಪ ಹೊತ್ತಿಗೆ ಗಾರ್ಡ್ ಒಳಗೆ ಬಂದು ಕೌಂಟರಮ್ಮನ ಮುಂದೆ ನಿಂತ.

"ಯಾಕಮ್ಮಾ ಹೇಳೋಕ್ ಹೋದ್ರಿ? ತಪ್ಪು ನಂದು. ಮುಟ್ಬೇಕಿತ್ತು ನಾನು."

"ಅದು ಬೇರೆ, ಇದು ಬೇರೆ."

ಅವನು ಹೋಗಲಿಲ್ಲ. ಹೇಳಲೋ ಬೇಡವೋ ಎಂಬಂತೆ ಟೋಪಿಯನ್ನು ಅತ್ತಿತ್ತ ತಿರುಗಿಸಿದ.

"ಅವರಿಗೆ ಗೊತ್ತಿತ್ತಮ್ಮ. ನಾನೊಂದ್ಸಲ ಕೇಳಿದ್ದೆ, ಮನೇಲಿ ಆರಾಮಾಗಿ ಇರೋದ್ ಬಿಟ್ಟು ಇಲ್ಲಿ ಬಂದು ಯಾಕ್ ಕೂರ್ತೀರಾ ಯಜಮಾನ್ರೇ ಅಂತ. ಹಗಲು ಮನೇಲಿ ನನ್ನ ಹೆಂಡ್ತಿ ಪಾಳಿ ಕಣಪ್ಪಾ, ನಂದು ಸಂಜೆಯಿಂದ ಅಂದ್ರು. ಅವಳ ಪಾಳೀಲಿ ನಾನು ಗೆರೆ ದಾಟಂಗಿಲ್ಲ ಅಂದ್ರು. ನಗ್ತಾನೇ ಹೇಳಿದ್ರು ಅಮ್ಮ. ಒಂಚೂರೂ ಬೇಜಾರಿರ್ಲಿಲ್ಲ."

ಸಮಾಧಾನವಾಗಲೆಂದೇ ಅವನು ಹೇಳಿದ್ದು. ಕೌಂಟರಮ್ಮ ತಲೆಯಾಡಿಸಿದಳು, ಡ್ಯೂಟಿಗೆ ಹೊತ್ತಾಯ್ತು ಹೊರಡಪ್ಪ ಎಂದಳು. ಗೊತ್ತಿಲ್ಲದೆ ಹೋಗಿ ಕೂತವನಾಗಿದ್ದರೆ ಎಷ್ಟೋ ಸಹಿಸಬಹುದಿತ್ತು. ಎಲ್ಲ ಗೊತ್ತಿದ್ದೂ ನಗುತ್ತ ಹೋಗುತ್ತಿದ್ದವನು ಅದೊಂದು ದಿನ ಮಾತ್ರ ಕೇಳಿದ್ದ.

ಸಂಜೆಯಾಗುತ್ತ ಒಳಬಾಗಿಲು ತೆರೆಯಿತು. ಕೆಲಸದವನು ಮುಚ್ಚಳ ಬಿಗಿದ ಮಣ್ಣಿನ ಕುಡಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟ. ಇನ್ನೂ ಬಿಸಿಯಿದೆ, ಜೋಪಾನ ಎಂದ.

* * *

ನಾದಿನಿ ತನ್ನ ಕಾರಿನಲ್ಲಿ ಬನ್ನಿ ಎಂದಳು. ಕೌಂಟರಮ್ಮ ಮೆಟ್ರೊದಲ್ಲೇ ಬರುತ್ತೇನೆಂದು ಹಟ ಹಿಡಿದಳು. ಚಿತಾಗಾರದಿಂದ ದೊಡ್ಡ ಸ್ಟೇಷನ್ನಿಗೆ ನಡೆದೇ ಹೋಗಬಹುದಿತ್ತು. ಇವತ್ತು ಆಕೆಯನ್ನು ಒಬ್ಬಳನ್ನೇ ಬಿಡುವಂತಿಲ್ಲ ಎಂದು ಮಗಳೂ ಜೊತೆಗೆ ಹೊರಟಳು, ಆದರೆ ಕುಡಿಕೆಯನ್ನು ಎದೆಗವುಚಿಕೊಂಡು ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಕೆಲಸ ಬಿಟ್ಟವರ ಹೊತ್ತು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಜನವೋ ಜನ. ಮಗಳು ಬೆಂಚಿನ ಕಡೆ ತಿರುಗಿಯೂ ನೋಡದೆ ಹಿತ್ತಾಳೆ ಪಟ್ಟಿ ದಾಟಿ ಹಳದಿ ಟೈಲಿನ ಕಡೆ ಹೋದಳು. ಕೌಂಟರಮ್ಮನಿಗೆ ದಾಟಲಾಗಲಿಲ್ಲ. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಯಾರೋ ಈಗಷ್ಟೇ ಬಿಸ್ಕತ್ತು ತಿಂದು ಎದ್ದುಹೋದ ಪುಡಿ ಬಿದ್ದಿತ್ತು. ಕೈಯಿಂದ ಒರೆಸಿ, ಕಲ್ಲು ಹಾಸಿನ ಕಡೆಯ ಅರ್ಧದಲ್ಲಿ, ಗಂಡ ಕೂರುತ್ತಿದ್ದಲ್ಲಿ ಕೂತಳು. ಹಲಗೆ ಗಟ್ಟಿಯಿತ್ತು. ಬೆನ್ನಿಗೆ ಗೋಡೆ ತಣ್ಣಗೆ ಹತ್ತಿತು. ಇಷ್ಟು ವರ್ಷ ಈ ದಾರಿಯಲ್ಲಿ ಓಡಾಡಿದವಳು ಇಲ್ಲಿ ಕೂತದ್ದೇ ಇರಲಿಲ್ಲ.

ಕಣ್ಣು ಮುಚ್ಚಿದಳು. ಹೆಜ್ಜೆಗಳ ಸದ್ದು, ಚಕ್ರದ ಪೆಟ್ಟಿಗೆಗಳ ಸದ್ದು, ಎಲ್ಲಿಯೋ ಮಗುವಿನ ಅಳು. ಯಾರೂ ನಿಲ್ಲುತ್ತಿರಲಿಲ್ಲ. ಆತನೂ ಕೊನೆಗೆ ಇದನ್ನೇ ಕೇಳಿರಬೇಕು. ಆಕೆಗೆ ಕಣ್ಣು ಬಿಡಬೇಕು ಅನ್ನಿಸಲಿಲ್ಲ.

ನೆಲಕ್ಕೆ ಕೋಲು ಕುಟ್ಟಿದ ಸದ್ದಾಯಿತು.

"ಅಮ್ಮಾ. ಇಲ್ಲಿ ಕಣ್ಮುಚ್ಚಬಾರ್ದು."

ಆಕೆ ಅಲುಗಲಿಲ್ಲ. ಕೋಲು ಮತ್ತೆ ಕುಟ್ಟಿತು, ಇನ್ನೂ ಹತ್ತಿರ.

"ಅಮ್ಮಾ, ಏಳಿ."

ಆಮೇಲೆ ಭುಜದ ಮೇಲೆ ಕೈ ಬಿತ್ತು. ಮೆಲ್ಲಗಲ್ಲ, ಜೋರಾಗಿ ಅಲುಗಾಡಿಸಿತು. ಕೌಂಟರಮ್ಮ ಕಣ್ಣು ಬಿಟ್ಟಳು. ಗಾರ್ಡಿನ ಮುಖದಲ್ಲಿ ರಕ್ತವಿರಲಿಲ್ಲ, ಕೈ ಇನ್ನೂ ಭುಜದ ಮೇಲೇ ಇತ್ತು.

"ಎದ್ದೆ ಕಣಪ್ಪ," ಎಂದಳು. "ಎಚ್ಚರ ಇದೀನಿ."

ಆಗ ಅವನು ಕೈ ತೆಗೆದ. ಅವನ ಪಕ್ಕದಿಂದ ಆಕೆ ಆಚೆ ನೋಡಿದಳು. ಮುಂದೆ ಹೋಗಿದ್ದ ಮಗಳು ಹಿಂದಿರುಗಿ ಬಂದಿದ್ದಳು. ಸುತ್ತ ಹರಿಯುವ ಜನರ ನಡುವೆ, ಹಿತ್ತಾಳೆ ಪಟ್ಟಿಗೆ ಸರಿಯಾಗಿ ಶೂಗಳ ತುದಿ ತಾಗಿಸಿ, ಗೆರೆ ದಾಟದೆ ನಿಂತಿದ್ದಳು. ಎರಡೂ ಕೈಯಲ್ಲಿ ಕುಡಿಕೆಯನ್ನು ಪಟ್ಟಿಯ ಮೇಲೆ ಅಮ್ಮನ ಕಡೆಗೆ ಚಾಚಿ ಹಿಡಿದಿದ್ದಳು.